ಮನೆಯ ವಿಷಯವೋ, ಊರಿನ ವಿಷಯವೋ: ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಹುಟ್ಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜುಗಳ ಸಂವಾದ ಮುಗಿದು ಕಾಫಿ ಕುಡಿಯುವಾಗ ವಿದ್ಯಾರ್ಥಿಗಳು ಕೇಳಿದ್ದು, ಓದುಗರು ಕಾಗದ ಬರೆದು ಕೇಳಿದ್ದು, ಕೆಲವರು ಸಿಟ್ಟಿನಿಂದಲೇ ಕೇಳಿದ್ದು, ಎಲ್ಲವನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ, ಸಿಟ್ಟನ್ನೂ ತೆಗೆದಿಲ್ಲ. ಸುಲಭದವು ಮೊದಲು, ತಕರಾರಿನವು ಆಮೇಲೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲ ಪಾಠ

ನಮ್ಮ ಸಂವಿಧಾನದಲ್ಲೇ ಮೂಲಭೂತ ಹಕ್ಕುಗಳಿವೆಯಲ್ಲ, ಈ 'ಅಂತರರಾಷ್ಟ್ರೀಯ' ಹಕ್ಕುಗಳು ಮತ್ತೇಕೆ?

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಹಕ್ಕನ್ನು ಕೊಡುವುದೂ ಕಾಯುವುದೂ ಒಂದೇ ರಾಜ್ಯವ್ಯವಸ್ಥೆ. ಆ ವ್ಯವಸ್ಥೆಯೇ ತನ್ನ ಜನರ ಮೇಲೆ ತಿರುಗಿಬಿದ್ದರೆ ಒಳಗಿನ ಬಾಗಿಲುಗಳೆಲ್ಲ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. 1935ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಯಹೂದಿಗಳ ಪೌರತ್ವದ ಹಕ್ಕುಗಳನ್ನು ಕಿತ್ತುಕೊಂಡಿತು. ಅದನ್ನು ಕದ್ದುಮುಚ್ಚಿ ಮಾಡಲಿಲ್ಲ, ಕಾನೂನು ಬರೆದು, ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿ ಮಾಡಿತು. ಜರ್ಮನಿಯ ನ್ಯಾಯಾಧೀಶರು ಅದನ್ನೇ ಜಾರಿಗೂ ತಂದರು.

ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳಿದಾಗ 'ಅದು ಅವರ ಮನೆಯ ವಿಷಯ' ಎಂದು ಕಿಟಕಿ ಹಾಕಿಕೊಳ್ಳುವುದು ಒಂದು ಕಾಲದಲ್ಲಿ ಮರ್ಯಾದೆಯ ಲಕ್ಷಣವಾಗಿತ್ತು. ದೇಶಗಳ ನಡುವಿನ ಮರ್ಯಾದೆಯೂ ಹಾಗೆಯೇ ಇತ್ತು. ಅದಕ್ಕಿಟ್ಟ ಹೆಸರು ಸಾರ್ವಭೌಮತ್ವ. ಆ ಕಿಟಕಿಯನ್ನು ಹೇಗೆ, ಎಷ್ಟು, ಯಾರ ಒತ್ತಾಯಕ್ಕೆ ತೆರೆಯಲಾಯಿತು ಎಂಬುದೇ ಮುಂದಿನ ಉತ್ತರಗಳ ವಸ್ತು.

ಮಾನವ ಹಕ್ಕುಗಳು 1948ರ ಡಿಸೆಂಬರ್ 10ರಂದು ಹುಟ್ಟಿದವು ಎಂದು ಶಾಲೆಯಲ್ಲಿ ಓದಿದ್ದೆ. ಅದು ಸರಿಯಲ್ಲವೇ?

ಅದು ನಾಮಕರಣದ ದಿನ, ಹುಟ್ಟಿದ ದಿನವಲ್ಲ. ಅಂದು ಪ್ಯಾರಿಸ್ಸಿನ ಪಲೇ ದ ಶಾಯೋ ಭವನದಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 30 ವಿಧಿಗಳ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ಒಪ್ಪಿತು. ಅದಕ್ಕಿಂತ ನೂರು ವರ್ಷ ಮೊದಲೇ ಗುಲಾಮರ ಹಡಗುಗಳನ್ನು ಹಿಡಿಯುವ ಅಂತರರಾಷ್ಟ್ರೀಯ ನ್ಯಾಯಾಲಯಗಳಿದ್ದವು. 1864ರಿಂದ ಗಾಯಗೊಂಡ ಸೈನಿಕನಿಗೆ, 1919ರಿಂದ ಪೂರ್ವ ಯುರೋಪಿನ ಅಲ್ಪಸಂಖ್ಯಾತರಿಗೆ ಒಪ್ಪಂದದ ರಕ್ಷಣೆಯಿತ್ತು. ಆದರೆ ಅವೆಲ್ಲ ಗುಲಾಮ, ಸೈನಿಕ, ಅಲ್ಪಸಂಖ್ಯಾತ ಎಂದು ಗುರುತಿನ ಚೀಟಿ ನೋಡಿ ಕೊಟ್ಟ ರಕ್ಷಣೆಗಳು. ಮನುಷ್ಯ ಎಂಬ ಒಂದೇ ಕಾರಣಕ್ಕೆ ಎಲ್ಲರಿಗೂ ಎಂದದ್ದು 1948ರ ಹೊಸತನ.

ಹನ್ನೆರಡನೇ ಶತಮಾನದಲ್ಲೇ ನಮ್ಮ ಶರಣರು ಸಮಾನತೆ ಸಾರಿದ್ದರು. ಪಶ್ಚಿಮದವರು ಹೊಸದೇನು ಹೇಳಿದರು?

ಕನ್ನಡದ ಸಭೆಗಳಲ್ಲಿ ಈ ಪ್ರಶ್ನೆ ತಪ್ಪಿದ್ದೇ ಇಲ್ಲ. ಕಲ್ಯಾಣದ ಶರಣರು ಹುಟ್ಟಿನ ಮೇಲುಕೀಳನ್ನು ಪ್ರಶ್ನಿಸಿದ್ದು ಅಪ್ಪಟ ಸತ್ಯ. ಅದಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ. ಆದರೆ ವಿಚಾರ ಬೇರೆ, ಒಂದು ರಾಜ್ಯವನ್ನು ಹೊರಗಿನವರು ಪ್ರಶ್ನಿಸಬಲ್ಲ ವ್ಯವಸ್ಥೆ ಬೇರೆ. ಶರಣರ ಮೇಲೆ ಹಿಂಸೆ ನಡೆದಾಗ ಬಿಜ್ಜಳನ ಆಸ್ಥಾನವನ್ನು 'ಏಕೆ ಹೀಗೆ ಮಾಡಿದಿರಿ' ಎಂದು ಕೇಳುವ ಅಧಿಕಾರ ಭೂಮಿಯ ಮೇಲೆ ಯಾರಿಗೂ ಇರಲಿಲ್ಲ. 1789ರ ಫ್ರಾನ್ಸಿನ ಘೋಷಣೆಗೂ ಇದೇ ಮಾತು ಅನ್ವಯಿಸುತ್ತದೆ. ಫ್ರಾನ್ಸ್ ತನ್ನ ವಸಾಹತಿನ ಗುಲಾಮರನ್ನು ಹೇಗೆ ನಡೆಸಿಕೊಂಡರೂ ಕೇಳುವ ಹೊರಗಿನ ಪೀಠವೊಂದೂ ಇರಲಿಲ್ಲ.

'ನಾವೇ ಮೊದಲು' ಎಂಬ ಹಂಬಲ ನಮಗೊಬ್ಬರಿಗೇ ಇರುವುದಲ್ಲ. ಇರಾನಿನ ಶಾ ಎರಡೂವರೆ ಸಾವಿರ ವರ್ಷ ಹಳೆಯ ಸೈರಸ್ ದೊರೆಯ ಮಣ್ಣಿನ ಶಾಸನವನ್ನು ಮೊದಲ ಮಾನವ ಹಕ್ಕುಗಳ ಪತ್ರವೆಂದು ಮೆರೆಸಿದರು. ಅದರ ಪ್ರತಿಕೃತಿ ಈಗಲೂ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿದೆ. ಓದಿದರೆ ಅದು ಗೆದ್ದ ರಾಜನೊಬ್ಬನ ವಾಡಿಕೆಯ ಪ್ರಶಸ್ತಿ, ನಮ್ಮ ಶಾಸನಗಳ ಬಿರುದಾವಳಿಯಂಥದ್ದೇ. ಅದನ್ನು ಮೆರೆಸಿದ ಶಾ ಅವರ ಸೆರೆಮನೆಗಳ ಕಥೆ ಬೇರೆಯೇ ಇತ್ತು.

## 1948ಕ್ಕೂ ಮೊದಲು

ಗುಲಾಮಗಿರಿ ನಿಲ್ಲಿಸಿದ್ದು ಬ್ರಿಟಿಷರ ದೊಡ್ಡತನ ಎನ್ನುತ್ತಾರೆ. ಒಪ್ಪುತ್ತೀರಾ?

ಅರ್ಧ ಒಪ್ಪುತ್ತೇನೆ. ಬ್ರಿಟನ್ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿತು. 1815ರ ವಿಯೆನ್ನಾ ಸಮ್ಮೇಳನದಲ್ಲಿ ಯುರೋಪಿನ ದೊಡ್ಡ ರಾಜ್ಯಗಳಿಂದ ಆ ವ್ಯಾಪಾರವನ್ನು ಖಂಡಿಸುವ ಘೋಷಣೆಯನ್ನೂ ಹೊರಡಿಸಿತು. 1817ರಿಂದ ಪೋರ್ಚುಗಲ್, ಸ್ಪೇನ್ ಮುಂತಾದ ದೇಶಗಳೊಡನೆ ಒಪ್ಪಂದ ಮಾಡಿಕೊಂಡು ಎರಡೂ ದೇಶಗಳ ನ್ಯಾಯಾಧೀಶರು ಜೊತೆಗೆ ಕೂರುವ ಮಿಶ್ರ ನ್ಯಾಯಾಲಯಗಳನ್ನು ತೆರೆಯಿತು. ಫ್ರೀಟೌನ್, ಹವಾನಾ, ರಿಯೊ ಡಿ ಜನೈರೊಗಳಲ್ಲಿ ಕೂತ ಈ ನ್ಯಾಯಾಲಯಗಳು 600ಕ್ಕೂ ಹೆಚ್ಚು ಹಡಗುಗಳ ಪ್ರಕರಣ ಕೇಳಿ ಸುಮಾರು 80 ಸಾವಿರ ಜನರನ್ನು ಬಿಡಿಸಿದವು. ಕಾನೂನಿನ ಚರಿತ್ರೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಇನ್ನರ್ಧ ಹೀಗಿದೆ: 1833ರ ಕಾಯ್ದೆ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿದಾಗ ಪರಿಹಾರವೆಂದು ಎರಡು ಕೋಟಿ ಪೌಂಡ್ ಕೊಟ್ಟರು. ಕೊಟ್ಟದ್ದು ಗುಲಾಮರಿಗಲ್ಲ, ಅವರ ಒಡೆಯರಿಗೆ. ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು, ಅಂದರೆ ನಮ್ಮನ್ನು, ಆ ಕಾಯ್ದೆಯಿಂದ ಹೊರಗಿಟ್ಟರು. ಇನ್ನು ಹೈಟಿಯ ಗುಲಾಮರು ಯಾರ ದೊಡ್ಡತನಕ್ಕೂ ಕಾಯದೆ 1791ರಲ್ಲಿ ದಂಗೆಯೆದ್ದು, 1804ರ ಹೊತ್ತಿಗೆ ಸ್ವತಂತ್ರ ದೇಶವನ್ನೇ ಕಟ್ಟಿಕೊಂಡಿದ್ದರು. ಆ ಭಯ ಲಂಡನ್ನಿನ ಚರ್ಚೆಗಳ ಮೇಲೆ ಸದಾ ತೂಗುತ್ತಿತ್ತು.

ರೆಡ್ ಕ್ರಾಸ್, ಜಿನೀವಾ ಒಪ್ಪಂದಗಳೂ ಮಾನವ ಹಕ್ಕುಗಳೂ ಒಂದೇ ಅಲ್ಲವೇ?

ದಾಯಾದಿಗಳು, ಅವಳಿಗಳಲ್ಲ. 1859ರ ಜೂನ್‌ನಲ್ಲಿ ಸಾಲ್ಫೆರಿನೊ ಯುದ್ಧ ಮುಗಿದ ಬಯಲಿನಲ್ಲಿ ಸಾವಿರಾರು ಗಾಯಾಳುಗಳು ಹಾಗೇ ಬಿದ್ದು ಸಾಯುತ್ತಿದ್ದುದನ್ನು ಸ್ವಿಸ್ ವ್ಯಾಪಾರಿ ಹೆನ್ರಿ ಡ್ಯೂನಾಂಟ್ ಕಂಡರು. 1864ರಲ್ಲಿ 12 ರಾಜ್ಯಗಳು ಸಹಿ ಹಾಕಿದ ಹತ್ತೇ ವಿಧಿಗಳ ಮೊದಲ ಜಿನೀವಾ ಒಪ್ಪಂದ ಅಲ್ಲಿಂದ ಹುಟ್ಟಿತು. ಅದರ ಕಾಳಜಿ ಶತ್ರುವಿನ ಸೈನಿಕ. ಸರ್ಕಾರ ತನ್ನದೇ ಪ್ರಜೆಯನ್ನು ಏನು ಮಾಡಿದರೂ ಅದಕ್ಕೆ ಸಂಬಂಧವಿರಲಿಲ್ಲ. ಅಂತರ್ಯುದ್ಧದಲ್ಲೂ ಸೆರೆಸಿಕ್ಕವರನ್ನು ಕೊಲ್ಲಬಾರದು, ಹಿಂಸಿಸಬಾರದು ಎಂಬ ನಿಯಮ ಬಂದದ್ದು 1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲಿ, ನಾಲ್ಕರಲ್ಲೂ ಒಂದೇ ಮಾತಿನಲ್ಲಿರುವ ಮೂರನೇ ವಿಧಿಯ ಮೂಲಕ. ಯುದ್ಧದ ಕಾನೂನು ಮನೆಯೊಳಗೆ ಕಾಲಿಡಲು 85 ವರ್ಷ ಹಿಡಿಯಿತು.

ಲೀಗ್ ಆಫ್ ನೇಷನ್ಸ್ ಏನೂ ಮಾಡಲಿಲ್ಲ, ಬರೀ ಹರಟೆ ಕಟ್ಟೆ ಎಂದು ಕೇಳಿದ್ದೇನೆ. ನಿಜವೇ?

ವಿಶ್ವಸಂಸ್ಥೆಗೂ ಮೊದಲಿದ್ದ ಆ ರಾಷ್ಟ್ರಗಳ ಕೂಟದ ಬಗ್ಗೆ ಅದು ಬಹುಪಾಲು ನಿಜ. ಆದರೂ ನಾನು ತರಗತಿಯಲ್ಲಿ ತಪ್ಪದೆ ಹೇಳುವ ಒಂದು ಕಥೆಯಿದೆ.

ಮೊದಲ ಮಹಾಯುದ್ಧದ ನಂತರ ಪೋಲೆಂಡ್, ರೊಮೇನಿಯಾ ಮುಂತಾದ ಹೊಸ, ಹಿಗ್ಗಿದ ರಾಜ್ಯಗಳಿಂದ ಅಲ್ಪಸಂಖ್ಯಾತರನ್ನು ಸಮಾನವಾಗಿ ಕಾಣುವೆವೆಂದು ಒಪ್ಪಂದ ಬರೆಸಿಕೊಂಡರು. ಗೆದ್ದ ಬ್ರಿಟನ್, ಫ್ರಾನ್ಸ್‌ಗಳು ತಮ್ಮ ಮೇಲೆ ಅಂಥ ಕರಾರು ಹಾಕಿಕೊಳ್ಳಲಿಲ್ಲ. ಸೋತ ಜರ್ಮನಿಗೂ ಹೆಚ್ಚುಕಡಿಮೆ ಇರಲಿಲ್ಲ. ಒಂದೇ ಅಪವಾದ, ಜರ್ಮನಿ ಮತ್ತು ಪೋಲೆಂಡ್ ಹಂಚಿಕೊಂಡ ಅಪ್ಪರ್ ಸೈಲೀಷಿಯಾ ಎಂಬ ಗಣಿಸೀಮೆ. ಅದಕ್ಕೆಂದೇ 1922ರಲ್ಲಿ 15 ವರ್ಷಗಳ ಒಪ್ಪಂದವಾಗಿತ್ತು. ಅಲ್ಲಿನ ಅಲ್ಪಸಂಖ್ಯಾತರಲ್ಲಿ ಯಾರಾದರೂ ನೇರವಾಗಿ ಲೀಗ್‌ಗೆ ಅರ್ಜಿ ಹಾಕಬಹುದಿತ್ತು.

1933ರ ಏಪ್ರಿಲ್‌ನಲ್ಲಿ ಅಲ್ಲಿನ ಗ್ಲೈವಿಟ್ಸ್ ಪಟ್ಟಣದ ಅಂಗಡಿಯೊಂದು ಫ್ರಾಂಜ್ ಬರ್ನ್‌ಹೈಮ್ ಎಂಬ ಗುಮಾಸ್ತನನ್ನು ಯಹೂದಿಯೆಂಬ ಕಾರಣಕ್ಕೆ ಕೆಲಸದಿಂದ ತೆಗೆಯಿತು. ಯಹೂದಿ ಸಂಘಟನೆಗಳ ನೆರವಿನಿಂದ ಆತ ಮೇ ತಿಂಗಳಲ್ಲಿ ಜಿನೀವಾಕ್ಕೆ ಅರ್ಜಿ ಹಾಕಿದ. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಿನ್ನೂ ನಾಲ್ಕು ತಿಂಗಳು. ಲೀಗ್‌ನ ಮಂಡಳಿಯಲ್ಲಿ ಜರ್ಮನ್ ಪ್ರತಿನಿಧಿ ಮುಜುಗರಪಟ್ಟು, ಇದು ಕೆಳಗಿನ ಅಧಿಕಾರಿಗಳ ತಪ್ಪು ಗ್ರಹಿಕೆ, ಒಪ್ಪಂದವನ್ನು ಮೀರುವುದಿಲ್ಲ ಎಂದು ಮಾತು ಕೊಡಬೇಕಾಯಿತು. ಅದರಂತೆ ಜರ್ಮನಿಯ ಉಳಿದೆಡೆ ಯಹೂದಿಗಳು ಕೆಲಸ, ವಕೀಲಿ, ಶಾಲೆಗಳನ್ನು ಕಳೆದುಕೊಳ್ಳುತ್ತಿದ್ದಾಗ ಆ ಒಂದು ಸೀಮೆಯಲ್ಲಿ ಯಹೂದಿ ವಿರೋಧಿ ಕಾನೂನುಗಳು ಜಾರಿಯಾಗದೆ ನಿಂತವು. 1937ರ ಜುಲೈ 15ರಂದು ಒಪ್ಪಂದದ ಅವಧಿ ಮುಗಿಯಿತು. ಅದರ ಬೆನ್ನಿಗೇ ಎಲ್ಲ ಕಾನೂನುಗಳೂ ಒಳನುಗ್ಗಿದವು.

ಒಂದು ಹಾಳೆಯ ಅರ್ಜಿ ಏನು ಮಾಡಬಲ್ಲದು, ಎಲ್ಲಿ ಸೋಲುತ್ತದೆ ಎರಡನ್ನೂ ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ಇನ್ನೊಂದು ನನಗೆ ಸಿಕ್ಕಿಲ್ಲ. ಗೆರೆಯ ಈಚೆಗಿದ್ದ ಗುಮಾಸ್ತನಿಗೆ ರಕ್ಷಣೆ, ಆಚೆಗಿದ್ದವನಿಗೆ ಇಲ್ಲ.

1919ರಲ್ಲಿ ಜಪಾನ್ ಜನಾಂಗೀಯ ಸಮಾನತೆ ಕೇಳಿತ್ತಂತೆ, ಹೌದೇ?

ಹೌದು. ಲೀಗ್‌ನ ಕರಾರಿನಲ್ಲಿ ರಾಷ್ಟ್ರಗಳ ಸಮಾನತೆಯ ತತ್ವವನ್ನೂ ಅವುಗಳ ಪ್ರಜೆಗಳನ್ನು ನ್ಯಾಯವಾಗಿ ಕಾಣುವ ಮಾತನ್ನೂ ಸೇರಿಸಿ ಎಂದು ಮಕಿನೊ ನೊಬುವಾಕಿ ನೇತೃತ್ವದಲ್ಲಿ ಜಪಾನ್ ಕೇಳಿತು. ಸಮಿತಿಯ 17 ಮತಗಳಲ್ಲಿ 11 ಪರವಾಗಿ ಬಿದ್ದವು. ಅಧ್ಯಕ್ಷ ಪೀಠದಲ್ಲಿದ್ದ ಅಮೆರಿಕದ ವುಡ್ರೊ ವಿಲ್ಸನ್ ಸರ್ವಾನುಮತ ಬೇಕೆಂದು ಅದನ್ನು ತಳ್ಳಿಹಾಕಿದರು. ಬಿಳಿಯರಲ್ಲದವರನ್ನು ಒಳಬಿಡದ ನೀತಿಯ ಆಸ್ಟ್ರೇಲಿಯಾದ ಪ್ರಧಾನಿ ಬಿಲ್ಲಿ ಹ್ಯೂಸ್ ಹಟ ಹಿಡಿದಿದ್ದರು. ಜಪಾನಿನ ಕೈಯೂ ಶುದ್ಧವಾಗಿರಲಿಲ್ಲ ಎನ್ನಿ. ಅದೇ ವರ್ಷ ಕೊರಿಯಾದ ಸ್ವಾತಂತ್ರ್ಯ ಚಳವಳಿಯನ್ನು ಅದು ಗುಂಡಿಟ್ಟು ಅಡಗಿಸುತ್ತಿತ್ತು.

## ಯುದ್ಧ ಮತ್ತು ಘೋಷಣೆ

ಹಿಟ್ಲರ್‌ನ ಕ್ರೌರ್ಯ ಕಂಡು ದೊಡ್ಡ ದೇಶಗಳು ಮನಕರಗಿ ಈ ಹಕ್ಕುಗಳನ್ನು ತಂದವು, ಅಲ್ಲವೇ?

ಮನ ಕರಗಿದ್ದು ಸಣ್ಣವರದು, ದೊಡ್ಡವರದಲ್ಲ. 1941ರ ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹೊರಡಿಸಿದ ಅಟ್ಲಾಂಟಿಕ್ ಸನ್ನದು, ಜನರಿಗೆ ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂದಿತು. ಸೆಪ್ಟೆಂಬರ್ 9ರಂದೇ ಚರ್ಚಿಲ್ ಸಂಸತ್ತಿನಲ್ಲಿ ಎದ್ದು ನಿಂತು, ಅದು ನಾಜಿಗಳ ಹಿಡಿತದಲ್ಲಿರುವ ಯುರೋಪಿನ ಮಾತು, ಭಾರತ ಮತ್ತು ಬರ್ಮಾದ್ದು ಬೇರೆ ಎಂದು ವಿವರಿಸಿದರು. ಆ ವಿವರಣೆಯನ್ನು ಭಾರತ ಮರೆಯಲಿಲ್ಲ.

1944ರಲ್ಲಿ ಅಮೆರಿಕದ ಡಂಬರ್ಟನ್ ಓಕ್ಸ್‌ನಲ್ಲಿ ದೊಡ್ಡ ದೇಶಗಳೇ ಕೂತು ಬರೆದ ವಿಶ್ವಸಂಸ್ಥೆಯ ಕರಡಿನಲ್ಲಿ ಮಾನವ ಹಕ್ಕುಗಳ ಪ್ರಸ್ತಾಪ ಒಂದೇ ಕಡೆ, ಅದೂ ಮೂಲೆಯಲ್ಲಿತ್ತು. 1945ರ ಏಪ್ರಿಲ್‌ನಿಂದ ಜೂನ್‌ವರೆಗೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 50 ದೇಶಗಳು ಸೇರಿದಾಗ ಲ್ಯಾಟಿನ್ ಅಮೆರಿಕದ ದೇಶಗಳು, ಫಿಲಿಪ್ಪೀನ್ಸ್, ಭಾರತ ಮುಂತಾದವು ಮತ್ತು ಅಮೆರಿಕದ 42 ಸಂಘಟನೆಗಳ ಸಲಹೆಗಾರರು ಹಕ್ಕುಗಳಿಗಾಗಿ ಪಟ್ಟು ಹಿಡಿದರು. ಅಂತಿಮ ಸನ್ನದಿನಲ್ಲಿ ಹಕ್ಕುಗಳ ಮಾತು ಏಳು ಕಡೆ ಬಂತು. ಮಾನವ ಹಕ್ಕುಗಳ ಆಯೋಗವನ್ನು ರಚಿಸಬೇಕೆಂದು 68ನೇ ವಿಧಿ ಬಾಯಿಬಿಟ್ಟು ಹೇಳಿತು.

ಜೊತೆಗೆ 2(7)ನೇ ವಿಧಿಯೂ ಬಂತು. ಯಾವುದೇ ದೇಶದ ಆಂತರಿಕ ವ್ಯವಹಾರದಲ್ಲಿ ವಿಶ್ವಸಂಸ್ಥೆ ತಲೆಹಾಕುವಂತಿಲ್ಲ! ಬಾಗಿಲನ್ನೂ ಅಗುಳಿಯನ್ನೂ ಒಂದೇ ಬಡಗಿ ಮಾಡಿಕೊಟ್ಟ ಹಾಗೆ. ಎಪ್ಪತ್ತು ಎಂಬತ್ತು ವರ್ಷಗಳ ಜಗಳವೆಲ್ಲ ಆ ಅಗುಳಿಯದು.

ನ್ಯೂರೆಂಬರ್ಗ್ ವಿಚಾರಣೆ ಗೆದ್ದವರ ನ್ಯಾಯ ತಾನೇ? ಅದಕ್ಕೇಕೆ ಇಷ್ಟು ಮಹತ್ವ?

ಗೆದ್ದವರ ನ್ಯಾಯ ಎಂಬುದರಲ್ಲಿ ಅನುಮಾನವಿಲ್ಲ. ಸೋವಿಯತ್ ನ್ಯಾಯಾಧೀಶರು ಪೀಠದಲ್ಲಿದ್ದರು, ಸ್ಟಾಲಿನ್ ಕಟಕಟೆಯಲ್ಲಿರಲಿಲ್ಲ. ಆದರೂ 1945ರ ನವೆಂಬರ್ 20ರಂದು ಶುರುವಾದ, ನಾಜಿ ನಾಯಕರ ಆ ವಿಚಾರಣೆ 'ಮಾನವತೆಯ ವಿರುದ್ಧದ ಅಪರಾಧ' ಎಂಬ ಆರೋಪವನ್ನು ಮೊದಲ ಬಾರಿಗೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಹೊರಿಸಿತು. ದೇಶದ ಕಾನೂನೇ ಅಪ್ಪಣೆ ಕೊಟ್ಟಿತ್ತು ಎಂಬ ಸಮರ್ಥನೆ ನಡೆಯುವುದಿಲ್ಲ ಎಂದಿತು.

ಇದರ ಹಿಂದೆ ಈಗಿನ ಉಕ್ರೇನಿನ ಲ್ವಿವ್ ಪಟ್ಟಣದಲ್ಲಿ ಓದಿದ ಇಬ್ಬರು ಯಹೂದಿ ವಕೀಲರಿದ್ದರು. ಹರ್ಶ್ ಲೌಟರ್‌ಪಾಕ್ಟ್ ಒಬ್ಬೊಬ್ಬ ವ್ಯಕ್ತಿಯ ಹಕ್ಕಿನ ಪರ. ರಫಾಯೆಲ್ ಲೆಮ್ಕಿನ್ ಗುಂಪಿನ ಉಳಿವಿನ ಪರ. 'ಜಿನೊಸೈಡ್' ಎಂಬ ಪದವನ್ನು 1944ರಲ್ಲಿ ಟಂಕಿಸಿದ್ದು ಲೆಮ್ಕಿನ್, ನಾವು ಜನಾಂಗಹತ್ಯೆ ಎನ್ನುತ್ತೇವೆ. ಇಬ್ಬರೂ ಆ ಹತ್ಯೆಯಲ್ಲಿ ಕುಟುಂಬದವರನ್ನು ಕಳೆದುಕೊಂಡಿದ್ದರು. ಲೆಮ್ಕಿನ್‌ನ ಪದ ಆರೋಪಪಟ್ಟಿಗೆ ಬಂತು, ತೀರ್ಪಿನಲ್ಲಿ ಬರಲಿಲ್ಲ. ಅವರು ಬಿಡದೆ ವಿಶ್ವಸಂಸ್ಥೆಯ ಮೊಗಸಾಲೆಯಲ್ಲಿ ಕಂಡಕಂಡ ಪ್ರತಿನಿಧಿಗಳ ಬೆನ್ನು ಹತ್ತಿದರು. 1948ರ ಡಿಸೆಂಬರ್ 9ರಂದು, ಸಾರ್ವತ್ರಿಕ ಘೋಷಣೆಯ ಹಿಂದಿನ ದಿನ, ಜನಾಂಗಹತ್ಯೆ ತಡೆಯ ಒಪ್ಪಂದ ಅಂಗೀಕಾರವಾಯಿತು.

ಒಂದು ವಿರಾಮ ಚಿಹ್ನೆಯ ಕಥೆಯನ್ನೂ ಹೇಳಬೇಕು. ನ್ಯಾಯಾಲಯದ ಸನ್ನದಿನಲ್ಲಿ ಮಾನವತೆಯ ವಿರುದ್ಧದ ಅಪರಾಧದ ವ್ಯಾಖ್ಯೆಯ ನಡುವೆ ಅರ್ಧವಿರಾಮವಿತ್ತು. 1945ರ ಅಕ್ಟೋಬರ್ 6ರಂದು ಅದನ್ನು ತೆಗೆದು ಅಲ್ಪವಿರಾಮ ಹಾಕಿದರು. ಪರಿಣಾಮವಾಗಿ, ಯುದ್ಧಕ್ಕೆ ಕೊಂಡಿಯಿರುವ ಹಿಂಸೆ ಮಾತ್ರ ಅಪರಾಧವೆಂದಾಯಿತು. 1939ಕ್ಕೆ ಮೊದಲು ಜರ್ಮನಿ ತನ್ನ ಪ್ರಜೆಗಳಿಗೆ ಮಾಡಿದ್ದಕ್ಕೆ ಆ ಹೆಸರಿನಲ್ಲಿ ಶಿಕ್ಷೆಯಾಗಲಿಲ್ಲ. 'ನಮ್ಮ ದೇಶದಲ್ಲೂ ಅಲ್ಪಸಂಖ್ಯಾತರಿಗೆ ಅನ್ಯಾಯವಾಗುವ ಸಂದರ್ಭಗಳಿವೆ' ಎಂದು ಅಮೆರಿಕದ ವಕೀಲ ರಾಬರ್ಟ್ ಜಾಕ್ಸನ್, ಆ ಸನ್ನದು ಬರೆದ ಲಂಡನ್ನಿನ ಮಾತುಕತೆಯಲ್ಲಿ ಒಪ್ಪಿಕೊಂಡಿದ್ದರು. ಮನೆಯೊಳಗಿನ ಹಿಂಸೆ ತನ್ನಷ್ಟಕ್ಕೇ ಅಪರಾಧವಾದರೆ ನಾಳೆ ಬೆರಳು ಯಾರ ಕಡೆ ತಿರುಗೀತು ಎಂಬ ಲೆಕ್ಕ ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ಘೋಷಣೆ ಬರೆದದ್ದು ಎಲಿನೋರ್ ರೂಸ್‌ವೆಲ್ಟ್ ಎಂದು ಕೆಲವರು, ಒಬ್ಬ ಫ್ರೆಂಚ್ ಎಂದು ಕೆಲವರು. ಯಾರನ್ನು ನಂಬಲಿ?

ಒಬ್ಬರೇ ಬರೆದರು ಎನ್ನುವ ಯಾರನ್ನೂ ನಂಬಬೇಡಿ. ವಿಶ್ವಸಂಸ್ಥೆಯ 18 ಸದಸ್ಯರ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷೆ ಅಮೆರಿಕದ ಎಲಿನೋರ್ ರೂಸ್‌ವೆಲ್ಟ್. ಜಗಳಗಂಟರನ್ನು ಮನೆಗೆ ಚಹಾಕ್ಕೆ ಕರೆದು ಕೆಲಸ ಮುಂದೆ ಸಾಗಿಸುವ ಚಾಕಚಕ್ಯತೆ ಅವರದು. ಮೊದಲ ಕರಡು ಕೆನಡಾದ ಜಾನ್ ಹಂಫ್ರಿಯದು, ನಾನಾ ದೇಶಗಳ ಸಂವಿಧಾನಗಳಿಂದ ಆಯ್ದ 400 ಪುಟಗಳ ಸಾಮಗ್ರಿ ಅದರ ಬೆನ್ನಿಗಿತ್ತು. ಅದಕ್ಕೆ ಒಪ್ಪವಾದ ರಚನೆ ಕೊಟ್ಟವರು ಫ್ರಾನ್ಸಿನ ರೆನೆ ಕ್ಯಾಸಾಂ. 1968ರ ನೊಬೆಲ್ ಶಾಂತಿ ಪ್ರಶಸ್ತಿ ಅವರಿಗೆ ಸಿಕ್ಕಿತು, ಹಂಫ್ರಿಯ ಕೈಬರಹದ ಕರಡು ಜನರ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಚೀನಾದ ಪಿ. ಸಿ. ಚಾಂಗ್ ಮತ್ತು ಲೆಬನಾನಿನ ಚಾರ್ಲ್ಸ್ ಮಲಿಕ್ ನಡುವೆ ನಡೆದ ತತ್ವಶಾಸ್ತ್ರದ ಕುಸ್ತಿ ಬೇರೆ. ದೇವರ ಹೆಸರು ಬೇಡ ಎಂಬ ಚಾಂಗ್ ಅವರ ವಾದ ಗೆದ್ದಿತು. ಚಿಲಿಯ ಹೆರ್ನಾನ್ ಸಾಂತಾ ಕ್ರೂಸ್ ಊಟ, ವೈದ್ಯಕೀಯ, ದುಡಿಮೆಯ ಹಕ್ಕುಗಳಿಗೆ ಪಟ್ಟು ಹಿಡಿದರು. ಕೊನೆಗೆ ಸಾಮಾನ್ಯ ಸಭೆಯ ಮೂರನೇ ಸಮಿತಿ 80ಕ್ಕೂ ಹೆಚ್ಚು ಸಭೆಗಳಲ್ಲಿ ಪದಪದವನ್ನೂ ಜಾಲಾಡಿತು.

ಆಗ ನಾವಿನ್ನೂ ಬ್ರಿಟಿಷರ ಅಡಿಯಲ್ಲಿದ್ದೆವಲ್ಲ, ಭಾರತದ ಪಾತ್ರವೇನು ಬಂತು?

ನಿಮಗನ್ನಿಸುವುದಕ್ಕಿಂತ ದೊಡ್ಡದು. ಮೈಸೂರಿನ ಎಳೆಯಿಂದಲೇ ಶುರು ಮಾಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ನಿಯೋಗದ ಮುಖ್ಯಸ್ಥರಾಗಿದ್ದವರು ಸರ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಹಕ್ಕುಗಳ ಪಾಲನೆಗೆ ದೇಶಗಳನ್ನು ಬದ್ಧಗೊಳಿಸುವ 55 ಮತ್ತು 56ನೇ ವಿಧಿಗಳನ್ನು ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1946ರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಮೊದಲ ಅಧ್ಯಕ್ಷರೂ ಅವರೇ ಆದರು. ಮಾನವ ಹಕ್ಕುಗಳ ಆಯೋಗವನ್ನು ಹುಟ್ಟುಹಾಕಿದ್ದು ಆ ಮಂಡಳಿ. ಅದೇ ವರ್ಷ ಅವರು ಮೈಸೂರಿನ ದಿವಾನರಾದರು. ಮರುವರ್ಷ ಜವಾಬ್ದಾರಿ ಸರ್ಕಾರ ಕೇಳಿ 'ಮೈಸೂರು ಚಲೋ' ಹೊರಟ ನಮ್ಮ ಅಜ್ಜಂದಿರು ಬೀದಿಬೀದಿಯಲ್ಲಿ 'ಆರ್ಕಾಟ್ ಬಾಯ್ಕಾಟ್' ಎಂದು ಕೂಗಿದ್ದು ಈ ಮೊದಲಿಯಾರರ ವಿರುದ್ಧವೇ! ಜಿನೀವಾ, ನ್ಯೂಯಾರ್ಕುಗಳಲ್ಲಿ ಹಕ್ಕಿನ ಮಾತಾಡಿ ಊರಿನಲ್ಲಿ ಚಳವಳಿಗಾರರನ್ನು ಜೈಲಿಗೆ ತುಂಬುವುದು ಹೊಸ ರೋಗವಲ್ಲ.

ಎರಡನೆಯದು ದಕ್ಷಿಣ ಆಫ್ರಿಕಾದ ಮೊಕದ್ದಮೆ. ಅಲ್ಲಿನ ಭಾರತೀಯರ ಭೂಮಿ ಮತ್ತು ವಸತಿಯ ಹಕ್ಕನ್ನು ಕತ್ತರಿಸುವ 1946ರ ಕಾಯ್ದೆಯ ವಿರುದ್ಧ ಭಾರತ ವಿಶ್ವಸಂಸ್ಥೆಗೆ ದೂರು ಕೊಂಡೊಯ್ದಿತು. ವಾದಿಸಿದವರು ವಿಜಯಲಕ್ಷ್ಮಿ ಪಂಡಿತ್. ಎದುರಿಗೆ ಪ್ರಧಾನಿ ಯಾನ್ ಸ್ಮಟ್ಸ್, ಅಂದರೆ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯಲ್ಲಿ ಮೂಲಭೂತ ಮಾನವ ಹಕ್ಕುಗಳ ಮಾತನ್ನು ಬರೆದ ಮನುಷ್ಯನೇ. 'ಇದು ನಮ್ಮ ಮನೆಯ ವಿಷಯ' ಎಂದು ಆತ 2(7)ನೇ ವಿಧಿಯನ್ನು ಹಿಡಿದುಕೊಂಡ. ಡಿಸೆಂಬರ್ 8ರಂದು ಮತ ಹಾಕಿದಾಗ ಭಾರತದ ಪರ 32, ವಿರುದ್ಧ 15, ತಟಸ್ಥ 7. ಮೂರನೇ ಎರಡರಷ್ಟು ಬಹುಮತ ಕೂದಲೆಳೆಯಲ್ಲಿ ದಕ್ಕಿತು. ಇನ್ನೂ ಸ್ವತಂತ್ರವಾಗದ ದೇಶವೊಂದು ಅಗುಳಿಯನ್ನು ಮೊದಲ ಬಾರಿ ಅಲುಗಾಡಿಸಿತ್ತು.

ಮೂರನೆಯವರು ಹಂಸಾ ಮೆಹ್ತಾ. ನಮ್ಮ ಸಂವಿಧಾನ ಸಭೆಯಲ್ಲೂ ಮಾನವ ಹಕ್ಕುಗಳ ಆಯೋಗದಲ್ಲೂ ಏಕಕಾಲಕ್ಕೆ ಕೂತವರು. ಮೊದಲ ವಿಧಿಯ ಕರಡು 'ಎಲ್ಲ ಪುರುಷರು' ಎಂಬರ್ಥವೂ ಬರುವ ಇಂಗ್ಲಿಷ್ ಪದದಿಂದ ಶುರುವಾಗುತ್ತಿತ್ತು. ಅದರಲ್ಲಿ ಹೆಂಗಸರೂ ಸೇರಿದ್ದಾರೆ ಎಂದು ರೂಸ್‌ವೆಲ್ಟ್ ಸಮಾಧಾನ ಹೇಳಿದರು. ಹಾಗೆಂದು ಹೇಳಿ ಹೆಂಗಸರನ್ನು ಹೊರಗಿಡುವ ದೇಶಗಳನ್ನು ಮೆಹ್ತಾ ಬಲ್ಲರು, ಒಪ್ಪಲಿಲ್ಲ. 'ಎಲ್ಲ ಮಾನವರು' ಎಂದಾಯಿತು. ಹಕ್ಕುಗಳನ್ನು ಜಾರಿ ಮಾಡುವ ಬಗೆ ಯೋಚಿಸಿದ ಕಾರ್ಯಗುಂಪಿನ ಅಧ್ಯಕ್ಷತೆಯೂ ಅವರದೇ. ಪದ ಬದಲಾಯಿಸಿದ ಕಥೆಯನ್ನಷ್ಟೇ ಎಲ್ಲರೂ ಹೇಳುತ್ತಾರೆ, ಈ ಎರಡನೆಯ ಕೆಲಸ ಮರೆತುಹೋಗಿದೆ.

ಇದೆಲ್ಲ ಪಾಶ್ಚಾತ್ಯರ ಸರಕು, ನಮ್ಮ ಮೇಲೆ ಹೇರಿದ್ದಾರೆ. ಅಲ್ಲವೆನ್ನುತ್ತೀರಾ?

ಭಾಷೆಯಲ್ಲಿ ಪಾಶ್ಚಾತ್ಯ ಛಾಪಿದೆ, ಸುಳ್ಳಲ್ಲ. 1948ರಲ್ಲಿ ವಿಶ್ವಸಂಸ್ಥೆಯ ಸದಸ್ಯರೇ 58. ಆಫ್ರಿಕಾದ ಬಹುಭಾಗ ಮೇಜಿನ ಬಳಿ ಇರಲೇ ಇಲ್ಲ. ಅಮೆರಿಕದ ಮಾನವಶಾಸ್ತ್ರಜ್ಞರ ಸಂಘವೇ 1947ರಲ್ಲಿ, ಒಂದು ಸಂಸ್ಕೃತಿಯ ಮೌಲ್ಯವನ್ನು ಎಲ್ಲರಿಗೂ ಹೇರಬೇಡಿ ಎಂದು ಎಚ್ಚರಿಸಿತು. ಅದೇ ವರ್ಷ ಯುನೆಸ್ಕೊ ಅಭಿಪ್ರಾಯ ಕೇಳಿದಾಗ ಗಾಂಧೀಜಿ ಚುಟುಕಾಗಿ ಉತ್ತರ ಬರೆದರು. ಚೆನ್ನಾಗಿ ಮಾಡಿದ ಕರ್ತವ್ಯದಿಂದಲೇ ಹಕ್ಕು ಹುಟ್ಟುತ್ತದೆಂದು ಓದುಬರಹ ಬಾರದ ತಮ್ಮ ತಾಯಿಯಿಂದ ಕಲಿತೆ ಎಂಬುದು ಅದರ ಸಾರ. 

ಆದರೆ ಜಗಳ ನಡೆದ ಕಣವನ್ನು ನೋಡಿ. ಧರ್ಮ ಬದಲಿಸುವ ಸ್ವಾತಂತ್ರ್ಯವನ್ನು ಸೌದಿ ಅರೇಬಿಯಾ ವಿರೋಧಿಸಿದರೆ ಪಾಕಿಸ್ತಾನದ ಜಫ್ರುಲ್ಲಾ ಖಾನ್ ಸಮರ್ಥಿಸಿದರು. ಹಕ್ಕುಗಳಿಗೆ ಹಲ್ಲು ಬೇಡವೆಂದು ಹಿಂಜಗ್ಗಿದ್ದು ವಸಾಹತುಗಳನ್ನು ಹಿಡಿದುಕೊಂಡಿದ್ದ ಬ್ರಿಟನ್. ಬೇಕೆಂದವರಲ್ಲಿ ಭಾರತವಿತ್ತು. ನನ್ನ ಕಣ್ಣಿಗೆ ಅಲ್ಲಿ ಕಾಣುವ ಗೆರೆ ಪೂರ್ವ ಪಶ್ಚಿಮದ್ದಲ್ಲ, ಮುಚ್ಚಿಡಲು ಏನಾದರೂ ಇದ್ದವರು ಮತ್ತು ಬೇಡಲು ಏನಾದರೂ ಇದ್ದವರ ನಡುವಿನದು.

ಘೋಷಣೆಗೆ ಯಾರೂ ವಿರೋಧಿಸಲಿಲ್ಲವೇ?

ವಿರೋಧ ಸೊನ್ನೆ, ಪರ 48, ತಟಸ್ಥ 8. ತಟಸ್ಥರಲ್ಲಿ ಆರು ಸೋವಿಯತ್ ಬಣದವು, ಜೊತೆಗೆ ಸೌದಿ ಅರೇಬಿಯಾ ಮತ್ತು ವರ್ಣಭೇದದ ದಕ್ಷಿಣ ಆಫ್ರಿಕಾ. ಹೊಂಡುರಾಸ್, ಯೆಮನ್ ಮತ ಹಾಕಲಿಲ್ಲ.

## ಹಲ್ಲು ಮತ್ತು ಉಗುರು

ಘೋಷಣೆ ಕಾನೂನೇ ಅಲ್ಲವಂತೆ. ಹಾಗಾದರೆ ಇಷ್ಟೆಲ್ಲ ಸಂಭ್ರಮವೇಕೆ?

ಅದು ಸಾಮಾನ್ಯ ಸಭೆಯ ನಿರ್ಣಯ, ಒಪ್ಪಂದವಲ್ಲ. ಕಟ್ಟುಪಾಡಿನ ಒಪ್ಪಂದ ಬೇಗ ಬರಲಿದೆ ಎಂದು ಎಲ್ಲರೂ ಅಂದುಕೊಂಡರು. 18 ವರ್ಷ ಹಿಡಿಯಿತು. ಶೀತಲ ಸಮರದಲ್ಲಿ ಒಂದು ಕಡೆಯವರಿಗೆ ವಾಕ್ ಸ್ವಾತಂತ್ರ್ಯ ಮುಖ್ಯ, ಇನ್ನೊಂದು ಕಡೆಯವರಿಗೆ ಉದ್ಯೋಗ ಮತ್ತು ವಸತಿ. ಆಸ್ತಿ ಪಾಲಾದ ಹಾಗೆ ಹಕ್ಕುಗಳನ್ನು ಎರಡು ಒಡಂಬಡಿಕೆಗಳಾಗಿ ಸೀಳಿ 1966ರ ಡಿಸೆಂಬರ್ 16ರಂದು ಅಂಗೀಕರಿಸಿದರು. ಜಾರಿಗೆ ಬಂದದ್ದು 1976ರಲ್ಲಿ, ಭಾರತ ಸೇರಿದ್ದು 1979ರ ಏಪ್ರಿಲ್ 10ರಂದು. ಅಷ್ಟರಲ್ಲಿ ಯುರೋಪಿನವರು 1950ರಲ್ಲೇ ತಮ್ಮದೊಂದು ಒಪ್ಪಂದ ಮಾಡಿಕೊಂಡಿದ್ದರು. ಅದರಡಿ ಒಂದು ದೇಶ ಇನ್ನೊಂದರ ಮೇಲೆ ಹೂಡಿದ ಮೊದಲ ದೂರು 1956ರಲ್ಲಿ ಸೈಪ್ರಸ್ ವಸಾಹತಿನ ವಿಷಯಕ್ಕೆ ಗ್ರೀಸ್ ಬ್ರಿಟನ್ ವಿರುದ್ಧ ಕೊಟ್ಟದ್ದು.

ಸಾಮಾನ್ಯ ಮನುಷ್ಯ ವಿಶ್ವಸಂಸ್ಥೆಗೆ ದೂರು ಬರೆದರೆ ಓದುವವರಿದ್ದಾರೆಯೇ?

ಮೊದಲ ಇಪ್ಪತ್ತು ವರ್ಷ ಇಲ್ಲವೆಂದೇ ಹೇಳಬೇಕು. 1947ರಲ್ಲಿ ಆಯೋಗ ತನ್ನ ಮೊದಲ ಅಧಿವೇಶನದಲ್ಲೇ, ದೂರುಗಳ ಮೇಲೆ ಯಾವ ಕ್ರಮ ಕೈಗೊಳ್ಳುವ ಅಧಿಕಾರವೂ ತನಗಿಲ್ಲ ಎಂದು ತೀರ್ಮಾನಿಸಿತು. ಅದೇ ವರ್ಷ ಅಮೆರಿಕದ ಕಪ್ಪು ಜನರ ಪರವಾಗಿ ಡಬ್ಲ್ಯು. ಇ. ಬಿ. ಡು ಬೊಯಿಸ್ ಸಲ್ಲಿಸಿದ ಮನವಿ ಹೀಗೇ ಮೂಲೆ ಸೇರಿತು. ರೂಸ್‌ವೆಲ್ಟ್ ಅವರೂ ಅದನ್ನು ಮುಂದಕ್ಕೆ ತರಲು ಸಿದ್ಧರಿರಲಿಲ್ಲ.

ಅಗುಳಿ ಸಡಿಲಿದ್ದು ಹೊಸದಾಗಿ ಸ್ವತಂತ್ರವಾದ ಆಫ್ರಿಕಾ ಮತ್ತು ಏಷ್ಯಾದ ದೇಶಗಳು ತುಂಬಿಕೊಂಡ ಮೇಲೆ. ದಕ್ಷಿಣ ಆಫ್ರಿಕಾದ ವರ್ಣಭೇದವನ್ನು ಗುರಿಯಿಟ್ಟು ಅವು 1967ರಲ್ಲಿ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯಲ್ಲಿ 1235ನೇ ನಿರ್ಣಯವನ್ನು ತಂದವು, 1970ರಲ್ಲಿ 1503ನೆಯದು ಬಂತು. ತೀವ್ರ ಉಲ್ಲಂಘನೆಯ ದೂರುಗಳನ್ನು ಪರಿಶೀಲಿಸುವ ದಾರಿ ತೆರೆಯಿತು. ತೆರೆದ ದಾರಿಯಲ್ಲಿ ಎಲ್ಲರೂ ನಡೆಯಬಹುದಲ್ಲ, 1973ರ ನಂತರ ಚಿಲಿಯ ಸೇನಾಡಳಿತವೂ ಅದೇ ಪರಿಶೀಲನೆಗೆ ಸಿಕ್ಕಿತು. ವ್ಯಕ್ತಿಗಳು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ನೇರ ದೂರು ಕೊಡುವ ಐಚ್ಛಿಕ ಒಪ್ಪಂದವೂ 1966ರಿಂದ ಇದೆ. ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ಬೀದರಿನ ಒಬ್ಬ ರೈತ ಆ ಸಮಿತಿಯ ಬಾಗಿಲು ತಟ್ಟಲಾರ. ವಿಶ್ವಸಂಸ್ಥೆ ನೇಮಿಸಿದ ವಿಶೇಷ ವರದಿಗಾರರಿಗೆ ಬರೆಯಬಹುದು, ಅವರು ಸರ್ಕಾರವನ್ನು ವಿವರಣೆ ಕೇಳಬಹುದು, ಅಷ್ಟೇ.

ನಮ್ಮ ನ್ಯಾಯಾಲಯಗಳು ಈ ಒಪ್ಪಂದಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆಯೇ?

ತೆಗೆದುಕೊಂಡದ್ದುಂಟು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನ 1973ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಸಾರ್ವತ್ರಿಕ ಘೋಷಣೆಯನ್ನು ನೆನೆದು, ಸಂವಿಧಾನ ಬರೆಯುವ ಕಾಲಕ್ಕೆ ಭಾರತ ಹಕ್ಕುಗಳನ್ನು ಹೇಗೆ ಗ್ರಹಿಸಿತ್ತು ಎಂಬುದಕ್ಕೆ ಅದು ಸಾಕ್ಷಿ ಎಂದರು. 1997ರ ವಿಶಾಖಾ ತೀರ್ಪು ಇನ್ನೂ ಮುಂದೆ ಹೋಯಿತು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇರದಿದ್ದಾಗ, ಭಾರತ ಒಪ್ಪಿದ್ದ ಮಹಿಳಾ ತಾರತಮ್ಯ ನಿರ್ಮೂಲನ ಒಪ್ಪಂದದ ಆಧಾರದ ಮೇಲೆ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಹಾಕಿತು. ಕಾಯ್ದೆ ಬಂದದ್ದು 2013ರಲ್ಲಿ. ಚಿತ್ರಹಿಂಸೆ ತಡೆಯ ಒಪ್ಪಂದಕ್ಕಾದರೋ ಭಾರತ 1997ರಲ್ಲಿ ಸಹಿ ಹಾಕಿದೆ, ಸ್ಥಿರೀಕರಿಸಿಲ್ಲ.

ಜಾತಿ ನಮ್ಮ ಆಂತರಿಕ ವಿಷಯ. ಜಿನೀವಾದಲ್ಲಿ ಅದನ್ನೇಕೆ ಎತ್ತುತ್ತಾರೆ?

ಸಿಟ್ಟಿನ ಪ್ರಶ್ನೆಗಳಲ್ಲಿ ಇದೇ ಮೊದಲು. 1965ರ ಜನಾಂಗೀಯ ತಾರತಮ್ಯ ನಿರ್ಮೂಲನ ಒಪ್ಪಂದ, ಎರಡು ಒಡಂಬಡಿಕೆಗಳಿಗಿಂತ ಮೊದಲೇ, ಹೊಸ ದೇಶಗಳ ಒತ್ತಡದಿಂದ ಬಂದದ್ದು. ಅದರ ಮೊದಲ ವಿಧಿ ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಬುಡಕಟ್ಟು ಮೂಲಗಳ ಆಧಾರದ ತಾರತಮ್ಯವನ್ನು ಹೆಸರಿಸುತ್ತದೆ. ಇದರಲ್ಲಿ 'ವಂಶ' ಎಂಬ ಪದವನ್ನು ಸೇರಿಸಲು ತಿದ್ದುಪಡಿ ತಂದದ್ದು ಭಾರತವೇ.

ಜನಾಂಗೀಯ ತಾರತಮ್ಯದ ವಿರುದ್ಧ ವಿಶ್ವಸಂಸ್ಥೆ ನಡೆಸಿದ 2001ರ ಡರ್ಬನ್ ಸಮ್ಮೇಳನದ ಹೊತ್ತಿಗೆ ದಲಿತ ಸಂಘಟನೆಗಳು ಆ ಪದವನ್ನು ಹಿಡಿದುಕೊಂಡು ಒಳಬಂದವು. ಜಾತಿ ಎಂದರೆ ಜನಾಂಗವಲ್ಲ, ಅದು ಇಲ್ಲಿ ಚರ್ಚೆಗೆ ಬರಕೂಡದು ಎಂದು ಭಾರತ ಸರ್ಕಾರ ವಾದಿಸಿತು. ಸಮಾಜಶಾಸ್ತ್ರದ ಲೆಕ್ಕದಲ್ಲಿ ಆ ವಾದಕ್ಕೆ ಬಲವಿದೆ, ಜಾತಿ ಜನಾಂಗವಲ್ಲವೆಂದು ಅಂಬೇಡ್ಕರ್ ಕೂಡ ಬರೆದಿದ್ದರು. ಆದರೆ ಒಪ್ಪಂದದಲ್ಲಿರುವುದು ಜನಾಂಗ ಎಂಬ ಒಂದೇ ಪದವಲ್ಲ. 2002ರಲ್ಲಿ ಒಪ್ಪಂದದ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ, ವಂಶಾಧಾರಿತ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದು ಬರೆಯಿತು. 2007ರಲ್ಲಿ ಭಾರತದ ವರದಿಯನ್ನು ಪರಿಶೀಲಿಸಿದಾಗಲೂ ಅದನ್ನೇ ಹೇಳಿತು. ಸರ್ಕಾರ ಒಪ್ಪಲಿಲ್ಲ. 1946ರಲ್ಲಿ ಸ್ಮಟ್ಸ್ ಕೂತಿದ್ದ ಕುರ್ಚಿಯಲ್ಲಿ ಈಗ ನಮ್ಮ ನಿಯೋಗ ಕೂತಿತ್ತು, ಎದುರಿನ ಕುರ್ಚಿಯಲ್ಲಿದ್ದವರೂ ಭಾರತೀಯರೇ.